ಬಂಡೆಯ ನೆತ್ತಿಯ ಬಿಳಿ ಚಿಪ್ಪುಗಳು

ನಾನು ಚಿಕ್ಕವನಿದ್ದಾಗ, ಹದಿನೆಂಟು ಇನ್ನೂ ತುಂಬಿರದಿದ್ದಾಗ, ಕೊಂಕಣದ ಒಂದು ಮೀನುಗಾರರ ಊರಿನ ಕಡಲಂಚಿನಲ್ಲಿ ಒಂದು ಕರಿ ಬಂಡೆಯ ಮೇಲೆ ನಿಂತಿದ್ದೆ. ಎಪ್ಪತ್ತರ ದಶಕ. ಪುಷ್ಯ ಅಮಾವಾಸ್ಯೆಯ ಮರುದಿನ, ಬೆಳಿಗ್ಗೆ ಎಂಟೂವರೆ. ನನ್ನ ಬೆನ್ನಿಗೆ ತೆಂಗಿನ ಮರಗಳು, ಎಡಕ್ಕೆ ನಾವು ತಂದಿದ್ದ ಬಕೆಟ್ಟುಗಳು. ಎದುರಿಗೆ, ಎಂಟು ಹತ್ತು ಹೆಜ್ಜೆ ಆಚೆ, ಇನ್ನೊಂದು ಬಂಡೆಯ ಮೇಲೆ ಅಕ್ಕ ಬಗ್ಗಿ ಕೂತಿದ್ದಳು. ಇದನ್ನೆಲ್ಲ ಮೊದಲೇ ಹೇಳಿಬಿಡುತ್ತೇನೆ. ಆ ದಿನದ ಬಗ್ಗೆ ಆಮೇಲೆ ಹಲವರು ಹಲವು ರೀತಿ ಹೇಳಿದರು. ನಾನು ನಿಂತ ಜಾಗದಿಂದ ಕಂಡದ್ದಷ್ಟನ್ನೇ ನಿಮಗೆ ಹೇಳುತ್ತೇನೆ, ಮಕ್ಕಳೇ.

ನಾವು ಸಮುದ್ರದವರಲ್ಲ. ನಮ್ಮದು ಅಕ್ಕಲಕೋಟೆ ತಾಲೂಕಿನ ಕರಜಗಿ; ಎರೆ ಮಣ್ಣು, ಜೋಳ, ತೊಗರಿ, ಕುರಿಗಳ ಊರು. ಅಕ್ಕನೂ ನಾನೂ ಸೊಲ್ಲಾಪುರದ ಒಂದು ಕಾಲೇಜಿನಲ್ಲಿ ಓದುತ್ತಿದ್ದೆವು. ಅವ್ವ ಹಾಸಿಗೆ ಹಿಡಿದಾಗ ಅಕ್ಕ ಎರಡು ವರ್ಷ ಶಾಲೆ ಬಿಟ್ಟಿದ್ದಳು. ಹಾಗಾಗಿ ನನಗಿಂತ ದೊಡ್ಡವಳಾದರೂ ಪ್ರಾಣಿಶಾಸ್ತ್ರದ ತರಗತಿಯಲ್ಲಿ ನನ್ನ ಜೊತೆಗೇ ಇದ್ದಳು. ಇಬ್ಬರಿಗೂ ಸೇರಿ ಒಂದೇ ಸೂಕ್ಷ್ಮದರ್ಶಕ. ಹೆಚ್ಚು ಹೊತ್ತು ಅದು ಅವಳ ಕಣ್ಣಿಗೇ ಅಂಟಿಕೊಂಡಿರುತ್ತಿತ್ತು.

ಆ ವರ್ಷ ನಮಗೆ ಸಮುದ್ರದ ಬೆನ್ನೆಲುಬಿಲ್ಲದ ಪ್ರಾಣಿಗಳ ಪಾಠವಿತ್ತು. ಸರ್ ಬಣ್ಣದ ಸೀಮೆಸುಣ್ಣದಲ್ಲಿ ಸ್ಪಂಜು, ನಕ್ಷತ್ರಮೀನು, ಏಡಿ, ಕಲ್ಲಿಗಂಟಿ ಹೂವಿನಂತೆ ಅರಳುವ ಪ್ರಾಣಿ, ಹೀಗೆ ಒಂದೊಂದನ್ನೇ ಬರೆದು ತೋರಿಸುತ್ತಿದ್ದರು. ಹೊರಗೆ ಬಿಸಿಲು ಸುಡುತ್ತಿತ್ತು; ಒಳಗೆ ಫಾರ್ಮಲಿನ್ ವಾಸನೆಗೆ ಕಣ್ಣು ಉರಿಯುತ್ತಿತ್ತು. ಲ್ಯಾಬಿನ ಕಪಾಟಿನ ಗಾಜಿನ ಬರಣಿಗಳಲ್ಲಿ ಆ ಪ್ರಾಣಿಗಳೇ ಇದ್ದವು. ಆದರೆ ಬಣ್ಣವೆಲ್ಲ ಹೋಗಿ, ಬೇಯಿಸಿದ ಬದನೆಕಾಯಿಯಂತೆ ಮಂಕಾಗಿದ್ದವು.

ಬರಣಿಗಳನ್ನು ನೋಡಿಕೊಳ್ಳುತ್ತಿದ್ದವನು ಲ್ಯಾಬಿನ ಶಿಪಾಯಿ. ಹನ್ನೂರಿನವನು, ಅಪ್ಪನ ವಯಸ್ಸಿನವನು. ನಾವೆಲ್ಲ ಅವನನ್ನು ಕಾಕಾ ಅನ್ನುತ್ತಿದ್ದೆವು. ಅಕ್ಕ ಬರಣಿಗಳ ಮುಂದೆ ನಿಂತುಬಿಟ್ಟರೆ ಅವನು ಕಾಡಿಸುತ್ತಿದ್ದ.

"ಏನ್ ನೋಡ್ತಿ ತಂಗಿ? ಎಲ್ಲಾ ಉಪ್ಪಿನಕಾಯಿನ. ನಿಮ್ಮ ಸರ್ ಹಾಕ್ಯಾರ, ನಾ ಮುಚ್ಚಳ ಬಿಗಿದೀನಿ."

"ಜೀವ ಇದ್ದದ್ದು ನೋಡಬೇಕು ಕಾಕಾ."

"ನೋಡೂಣಂತ. ಸರ್ ನನಗೂ ಬಾ ಅಂದಾರ. ಬಕೀಟ ಹೊರಾಕ ಯಾರರ ಬೇಕಲ್ಲ."

ಸಮುದ್ರದಂಡೆಗೆ ಹೋಗುವ ಪತ್ರ ಮನೆಗೆ ಬಂದಾಗ ಅಪ್ಪ ಅದನ್ನು ಎರಡು ದಿನ ಜೇಬಿನಲ್ಲೇ ಇಟ್ಟುಕೊಂಡಿದ್ದ. ಮೂರನೆಯ ದಿನ ನನ್ನನ್ನು ಕರೆದು, "ಅಕಿ ಹೋಗ್ಲಿ. ಆದ್ರ ನೀ ಅಕಿನ್ನ ಬಿಟ್ಟು ಸರೀಬ್ಯಾಡ," ಅಂದ. ಅಷ್ಟೇ ಅಂದ.

ಸರ್ ಪಂಚಾಂಗ ನೋಡಿಯೇ ದಿನ ಗೊತ್ತು ಮಾಡಿದ್ದರು. ಅಮಾವಾಸ್ಯೆಯ ಆಸುಪಾಸಿನಲ್ಲಿ ಸಮುದ್ರ ಬಹಳ ದೂರ ಹಿಂದೆ ಸರಿಯುತ್ತದೆ, ನೀರಡಿಯ ಬಂಡೆಗಳೆಲ್ಲ ಬಯಲಾಗುತ್ತವೆ. ಎಸ್.ಟಿ. ಬಸ್ಸಿನಲ್ಲಿ ಒಂದು ದಿನವಿಡೀ ಕೂತು ಹೋದೆವು. ಮರುದಿನ ಬೆಳಕು ಹರಿಯುವಾಗ ದಂಡೆಗಿಳಿದರೆ ಸರ್ ಹೇಳಿದಂತೆಯೇ ಇತ್ತು. ಸಮುದ್ರ ದೂರದಲ್ಲಿ ಒಂದು ಬೂದು ಗೆರೆ. ಕಾಲಡಿಗೆ ಜಾರುವ ಪಾಚಿ, ಕೊಳೆತ ಉಪ್ಪಿನ ವಾಸನೆ, ಬಂಡೆಯ ಕುಣಿಗಳಲ್ಲಿ ತಿಳಿನೀರು. ಆ ನೀರಿನಲ್ಲಿ ನಮ್ಮ ಬರಣಿಗಳ ಪ್ರಾಣಿಗಳು ಬಣ್ಣ ತುಂಬಿಕೊಂಡು ಉಸಿರಾಡುತ್ತಿದ್ದವು. ಅಕ್ಕ ಒಂದು ಕುಣಿಯ ಮುಂದೆ ಕೂತುಬಿಟ್ಟಳು.

ಎಂಟು ಗಂಟೆಯ ಹೊತ್ತಿಗೆ ಕಲ್ಲಿನಿಂದ ಸಿಂಪಿ ಕೀಳುತ್ತಿದ್ದ ಮೀನುಗಾರ ಹೆಂಗಸೊಬ್ಬಳು ಬುಟ್ಟಿ ಎತ್ತಿಕೊಂಡು ನಮ್ಮನ್ನು ದಾಟಿ ಮೇಲೆ ಹೋದಳು. "ಭರತಿ ಲಾಗಲಿ, ವರ ಯಾ," ಅಂದಳು. ನೀರು ಏರತೊಡಗಿದೆ, ಮೇಲೆ ಬನ್ನಿ ಅಂತ. ಸರ್ ಸಮುದ್ರದ ಕಡೆ ನೋಡಿದರು. ಅಲೆಗಳು ಇನ್ನೂ ದೂರದಲ್ಲೇ ಇದ್ದವು. "ಇನ್ನೂ ಅರ್ಧ ತಾಸು ಅದ," ಅಂದರು. ನಾವು ಒಪ್ಪಿದೆವು. ನಮ್ಮ ಕಡೆ ಹೊಳೆಯಾಗಲಿ ಕೆರೆಯಾಗಲಿ, ಹಿಂದೆ ಸರಿದ ನೀರು ಮುಂದಿನ ಮಳೆಗಾಲದವರೆಗೆ ಬರುವುದಿಲ್ಲ. ಉಬ್ಬರ ಇಳಿತದ ಪಾಠ ಓದಿದ್ದೆವು, ಪರೀಕ್ಷೆಯಲ್ಲಿ ಬರೆದೂ ಇದ್ದೆವು. ನಮ್ಮ ಕಾಲುಗಳು ಮಾತ್ರ ಅದನ್ನು ನಂಬಿರಲಿಲ್ಲ.

ನೀರು ಎದುರಿನಿಂದ ಬರಲಿಲ್ಲ. ಬಂಡೆಗಳ ನಡುವಿನ ಓಣಿಯಂಥ ಸಂದಿನಲ್ಲಿ, ಸದ್ದಿಲ್ಲದೆ, ಪಕ್ಕದಿಂದ ಬಂತು. ನಾನು ಬಾಟಲಿಗಳಿಗೆ ಪೆನ್ಸಿಲಿನಲ್ಲಿ ಚೀಟಿ ಬರೆಯುತ್ತಿದ್ದೆ. ತಲೆ ಎತ್ತಿದಾಗ, ಅಕ್ಕ ಒಣಗಾಲಿನಲ್ಲಿ ದಾಟಿಹೋಗಿದ್ದ ಆ ಸಂದಿನಲ್ಲಿ ಎದೆಮಟ್ಟ ನೀರು ಓಡುತ್ತಿತ್ತು. ನಾನು ಕೂಗಿದೆ. ಅಕ್ಕ ಎದ್ದು ನಿಂತಳು, ನೀರು ನೋಡಿದಳು, ಕೈಯಲ್ಲಿದ್ದ ನಕ್ಷತ್ರಮೀನನ್ನು ಕೆಳಗಿಟ್ಟಳು. ಅವಳಿಗೆ ಈಜು ಬರುತ್ತಿರಲಿಲ್ಲ.

ಸರ್ ಓಡಿ ಬಂದರು. "ಅಂಜಬ್ಯಾಡವ್ವ. ಬಂಡಿ ಎತ್ತರ ಅದ. ಅಲ್ಲೇ ನೆತ್ತಿ ಮ್ಯಾಲೆ ಕೂಡು. ಮಧ್ಯಾಹ್ನ ನೀರು ಇಳಿತದ, ಆಗ ಕರಕೊಂಡು ಬರ್ತೀವಿ," ಅಂದರು. ಎಲ್ಲರಿಗೂ ಸಮಾಧಾನವಾಯಿತು. ಒಬ್ಬ ಹುಡುಗ, "ಮಧ್ಯಾಹ್ನದ ರೊಟ್ಟಿ ಒಗದು ಕೊಡೂಣೇನು?" ಅಂದ. ಕೆಲವರು ನಕ್ಕರು.

ನಾನು ಆ ಬಂಡೆಯನ್ನು ನೋಡಿದೆ. ಅದರ ಮೈತುಂಬ ಜೋಳದ ಕಾಳಿನಷ್ಟು ದೊಡ್ಡ, ಸುಣ್ಣದಂಥ ಬಿಳಿ ಚಿಪ್ಪುಗಳು ಒತ್ತಾಗಿ ಅಂಟಿಕೊಂಡಿದ್ದವು. ಬಾರ್ನಕಲ್ ಅಂತಾರೆ. ಅದು ನೀರು ಬಂದಾಗ ಮಾತ್ರ ಬಾಯಿ ತೆರೆದು ತಿನ್ನುವ ಪ್ರಾಣಿ. ಸಮುದ್ರ ಮುಟ್ಟದ ಕಲ್ಲಿನ ಮೇಲೆ ಅದು ಬದುಕುವುದಿಲ್ಲ. ನಾವು ನಿಂತ ಬಂಡೆಯಲ್ಲಿ ಆ ಬಿಳುಪು ನಮ್ಮ ಪಾದಗಳಿಗಿಂತ ಮೊಣಕಾಲಿನಷ್ಟು ಕೆಳಗೇ ನಿಂತಿತ್ತು. ಅಕ್ಕನ ಬಂಡೆಯಲ್ಲಿ ಅದು ಎಲ್ಲೂ ನಿಂತಿರಲಿಲ್ಲ. ನೆತ್ತಿಯ ಮೇಲೂ ಇತ್ತು.

ಅಕ್ಕನೂ ತನ್ನ ಕಾಲಡಿಗೆ ಅದನ್ನೇ ನೋಡುತ್ತಿದ್ದಳು. ಆಮೇಲೆ ನನ್ನನ್ನು ನೋಡಿದಳು.

ನಾನು ಬಾಯಿ ಬಿಡಲಿಲ್ಲ. ಸರ್ ಹೇಳಿಯಾಗಿತ್ತು, ಸರ್ ಹೇಳಿದ ಮೇಲೆ ಅಲ್ಲ ಅನ್ನುವ ರೂಢಿ ನಮಗಿರಲಿಲ್ಲ. ನಾನೇ ತಪ್ಪು ತಿಳಿದಿರಬಹುದು ಅಂದುಕೊಂಡೆ. ಎಷ್ಟು ಹೊತ್ತು ಸುಮ್ಮನಿದ್ದೆ ಅಂತ ಬಹಳ ಸಲ ಲೆಕ್ಕ ಹಾಕಿದ್ದೇನೆ. ಹತ್ತು ನಿಮಿಷಕ್ಕೆ ಕಡಿಮೆಯಿಲ್ಲ. ಅಷ್ಟರಲ್ಲಿ ಸಂದಿನ ನೀರು ಎದೆಮಟ್ಟದಿಂದ ತಲೆ ಮುಳುಗುವಷ್ಟಾಯಿತು.

ಕೊನೆಗೆ ಹೇಳಿದೆ. "ಸರ್, ಆ ಬಂಡಿ ಮುಳುಗತದರಿ. ನೆತ್ತಿ ಮ್ಯಾಲೂ ಬಾರ್ನಕಲ್ ಅದಾವ."

ಸರ್ ನೋಡಿದರು. ಅವರ ಮುಖದಿಂದ ಬಣ್ಣ ಇಳಿದುಹೋಯಿತು. ಇಬ್ಬರು ಹುಡುಗರನ್ನು ದೋಣಿ ತರಲು ಮೀನುಗಾರರ ಕೇರಿಗೆ ಓಡಿಸಿದರು. ಆ ಹೊತ್ತಿಗೆ ದೋಣಿಗಳೆಲ್ಲ ಮೀನಿಗೆ ಹೋಗಿರುತ್ತವೆ ಅನ್ನುವುದು ನಮಗೆ ಗೊತ್ತಿರಲಿಲ್ಲ.

ಕಾಕಾ ನನ್ನ ಹಿಂದೆಯೇ ನಿಂತಿದ್ದ. ನನ್ನ ಮಾತು ಕೇಳಿದವನೇ ತಲೆಯ ಪಟಕಾ ಬಿಚ್ಚಿದ. ನಮ್ಮ ಕಡೆಯ ಪಟಕಾ ಅಂದರೆ ಎಂಟು ಹತ್ತು ಗಜದ ಬಟ್ಟೆ. ನಮ್ಮೂರುಗಳಲ್ಲಿ ಬಾವಿಗೆ ಬಿದ್ದವರನ್ನು ಎತ್ತುವುದು ಅದರಿಂದಲೇ. ಈಜು ಬಲ್ಲವನು ಒಂದು ತುದಿ ಹಿಡಿದು ಇಳಿಯುತ್ತಾನೆ, ಬಿದ್ದವರ ರಟ್ಟೆಗೆ ಕಟ್ಟುತ್ತಾನೆ, ಮೇಲಿನವರು ಎಳೆಯುತ್ತಾರೆ. ಆಮೇಲೆ ಬಟ್ಟೆಯನ್ನು ಮತ್ತೆ ಕೆಳಗೆ ಬಿಡುತ್ತಾರೆ, ಇಳಿದವನು ಹತ್ತಿ ಬರುತ್ತಾನೆ. ಕಾಕಾ ಹಾಗೆ ಎಷ್ಟೋ ಸಲ ಬಾವಿಗೆ ಇಳಿದಿದ್ದ; ನಮ್ಮಲ್ಲಿ ಈಜು ಬಲ್ಲವನು ಅವನೊಬ್ಬನೇ.

"ನಾಲ್ಕು ಮಂದಿ ಹಿಡೀರಿ," ಅಂದ. "ತಂಗಿ ಬಂದ ಮ್ಯಾಲೆ ನನಗ ಬಿಡ್ರಿ."

ಅವನು ಸಂದು ದಾಟಿದ. ಅಕ್ಕನ ಕಂಕುಳಿಗೆ ಬಟ್ಟೆ ಸುತ್ತಿ ಗಂಟು ಹಾಕಿದ. ಏನೋ ಹೇಳಿದ, ಅಕ್ಕ ತಲೆಯಾಡಿಸಿದಳು. ನಾವು ಎಳೆದೆವು. ಅವಳು ಎರಡು ಸಲ ಮುಳುಗಿದಳು. ಚಿಪ್ಪುಗಳಿಗೆ ತರಚಿ ಮೊಣಕೈ, ಮೊಣಕಾಲು, ಗದ್ದ ಎಲ್ಲ ಕಡೆ ರಕ್ತ ಬಂದಿತ್ತು. ಆದರೆ ಬಂದಳು.

ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದಾಗ ನಮಗೆ ತಿಳಿಯಿತು. ಬಾವಿಯಲ್ಲಾದರೆ ಬಟ್ಟೆ ಬಿಟ್ಟರೆ ಸಾಕು, ತಾನಾಗಿ ಕೆಳಗಿಳಿಯುತ್ತದೆ. ಇಲ್ಲಿ ಇಳಿಯಲು ಕೆಳಗೆ ಅನ್ನುವುದೇ ಇರಲಿಲ್ಲ. ಅಡ್ಡಕ್ಕೆ ಹೋಗಬೇಕಿತ್ತು. ಸಂದಿನ ಸೆಳೆತ ಆಗಲೇ ಜೋರಾಗಿತ್ತು, ಹಿಡಿಯಲು ಬಟ್ಟೆಯಿಲ್ಲದೆ ಕಾಕಾ ಈಜಿ ಬರುವಂತಿರಲಿಲ್ಲ. ಇನ್ನೊಂದು ಬಟ್ಟೆಯ ತುದಿಯನ್ನೂ ಅವನ ಕೈಗೆ ಕೊಟ್ಟು ಕಳಿಸಬೇಕಿತ್ತು ಅಂತ ಸರ್‌ಗಾಗಲಿ ನಮಗಾಗಲಿ ಹೊಳೆದಿರಲಿಲ್ಲ. ತುದಿಗೆ ಕಲ್ಲು ಕಟ್ಟಿ ಎಸೆದೆವು. ತೊಯ್ದ ಬಟ್ಟೆ ಗಾಳಿಗೆ ಹರಡಿಕೊಂಡು ನಡುವೆಯೇ ಬಿತ್ತು. ಎರಡನೆಯ ಸಲ ಕಲ್ಲು ಕಳಚಿತು. ಮೂರನೆಯ ಸಲ ಸೆಳೆತ ಅದನ್ನು ಪಕ್ಕಕ್ಕೆ ಒಯ್ದಿತು. ಕಾಕಾನ ಮೊಣಕಾಲಿಗೆ ನೀರು ಬಂದಿತ್ತು. ಅವನು ಎರಡೂ ಕೈ ಮುಂದೆ ಚಾಚಿ, ಚೆಂಡು ಹಿಡಿಯುವವನ ಹಾಗೆ ನಿಂತಿದ್ದ. ನಾಲ್ಕನೆಯ ಸಲ ಎಸೆಯುವಾಗ ನನ್ನ ಹಿಂದೆ ಅಕ್ಕ ಕೆಮ್ಮಿದಳು. ನಾನು ತಿರುಗಿ ನೋಡಿದೆ. ಒಂದು ಹೆಸರು ಕರೆಯುವಷ್ಟು ಹೊತ್ತು. ಮತ್ತೆ ಮುಂದೆ ನೋಡಿದಾಗ ಬಂಡೆಯ ಮೇಲೆ ಕಾಕಾ ಇರಲಿಲ್ಲ. ಬಿಳಿ ನೊರೆ ಮಾತ್ರ ಇತ್ತು.

ಊರಿಗೆ ಬಂದ ಮೇಲೆ ಅಪ್ಪ ಹನ್ನೂರಿಗೆ ಹೋಗಿ ಕಾಕಾನ ಮನೆಯ ಕಟ್ಟೆಯ ಮೇಲೆ ಇಡೀ ದಿನ ಕೂತು ಬಂದ.

ನಿಮ್ಮ ಶಾಲೆಯವರು ನಿಮ್ಮನ್ನು ಸಮುದ್ರಕ್ಕೆ ಕರೆದೊಯ್ಯುವ ಮೊದಲು ನೀರು ಎಷ್ಟು ಹೊತ್ತಿಗೆ ಏರುತ್ತದೆ ಅಂತ ಮೊಬೈಲಿನಲ್ಲಿ ನೋಡುತ್ತಾರೆ. ಸೀಟಿ ಊದಲು ಒಬ್ಬ ನಿಂತಿರುತ್ತಾನೆ. ನಕ್ಷತ್ರಮೀನು ನಡೆಯುವುದನ್ನು ನೀವು ಮನೆಯಲ್ಲೇ ಕೂತು ನೋಡಿದ್ದೀರಿ. ದೊಡ್ಡವರು ತಪ್ಪು ಹೇಳಿದರೆ, ಅಲ್ಲ, ಅದು ಹಾಗಲ್ಲ ಅಂತ ಅಲ್ಲೇ ಅಂದುಬಿಡುತ್ತೀರಿ. ಅದಕ್ಕೆ ನಿಮ್ಮಪ್ಪ ಬೈಯುತ್ತಾನೆ. ನಾನು ಯಾಕೆ ಬೈಯುವುದಿಲ್ಲ ಅಂತ ನೀವು ಕೇಳಿದ್ದಿರಿ. ನಮ್ಮ ಕಾಲ ಚೆನ್ನಾಗಿತ್ತು ಅಂತ ಉಳಿದ ಅಜ್ಜಂದಿರು ಹೇಳಲಿ. ಈ ವಿಷಯದಲ್ಲಿ ನಿಮ್ಮ ಕಾಲವೇ ಒಳ್ಳೆಯದು.

ಸರ್ ತೀರಿಕೊಂಡು ಬಹಳ ವರ್ಷವಾಯಿತು. ಪಟಕಾ ಹಿಡಿದ ನಾಲ್ವರಲ್ಲಿ ನಾನೊಬ್ಬನೇ ಉಳಿದಿದ್ದೇನೆ. ಮತ್ತೆ ಅಕ್ಕ ಇದ್ದಾಳೆ. ನೀವು ದೀಪಾವಳಿಗೆ ಹೋಗಿ ಕಾಲಿಗೆ ಬೀಳುವ ಮಂಗಳವೇಢೆಯ ಅಜ್ಜಿ ಅವಳೇ. ನಾನು ತಿರುಗಿ ಅವಳನ್ನು ನೋಡಿದ ಆ ಗಳಿಗೆಯಲ್ಲಿ ಅವಳು ನನ್ನನ್ನು ನೋಡುತ್ತಿರಲಿಲ್ಲ, ಬಂಡೆಯ ಕಡೆ ನೋಡುತ್ತಿದ್ದಳು. ಏನು ಕಂಡಳು ಅಂತ ನಾನು ಇವತ್ತಿನವರೆಗೂ ಕೇಳಿಲ್ಲ.