ಇಲಿ ತುಂಬಿದ ಅರ್ಜಿ

ಐವತ್ತರ ದಶಕದಲ್ಲಿ, ನಾಗಪುರದಲ್ಲಿ ನಾನು ಮೆಟ್ರಿಕ್ ಓದುತ್ತಿದ್ದ ವರ್ಷ, ನನಗೊಂದು ಚಟ ಹತ್ತಿತು. ಇಂಗ್ಲಿಷ್ ಕಲಿಸುತ್ತಿದ್ದ ಮರಾಠಿ ಮಾಸ್ತರರು ಒಂದು ದಿನ ಬೋರ್ಡಿನ ಮೇಲೆ ಎರಡು ಬಡಕಲು ವಾಕ್ಯ ಬರೆದರು. ಮುದುಕ ಬಾಗಿಲು ತೆರೆದ; ಮುದುಕ ಬೆಕ್ಕನ್ನು ಕಂಡ. ಆಮೇಲೆ ಮೊದಲನೆಯ ಮುದುಕನನ್ನು ಒರೆಸಿ ಹಾಕಿ, ಕ್ರಿಯಾಪದಕ್ಕೆ ‘ಇಂಗ್’ ಅಂಟಿಸಿ, ಎರಡನ್ನೂ ಕೂಡಿಸಿಬಿಟ್ಟರು: ‘ಓಪನಿಂಗ್ ದ ಡೋರ್, ದಿ ಓಲ್ಡ್ ಮ್ಯಾನ್ ಸಾ ಎ ಕ್ಯಾಟ್.’ ಇದಕ್ಕೆ ಪಾರ್ಟಿಸಿಪಲ್ ಎನ್ನುತ್ತಾರೆ, ಬರಹ ಇದರಿಂದ ಮೈತುಂಬಿಕೊಳ್ಳುತ್ತದೆ ಎಂದರು. ಅಂದಿನಿಂದ ನನ್ನ ಪ್ರಬಂಧಗಳಲ್ಲಿ ‘ಇಂಗ್’ ಇಲ್ಲದೆ ಹಸು ಮೇಯಲಿಲ್ಲ, ಸೂರ್ಯ ಮುಳುಗಲಿಲ್ಲ.

ಅಪ್ಪ ರೈಲ್ವೆಯಲ್ಲಿ ಗುಮಾಸ್ತರು, ಧಾರವಾಡದ ಕಡೆಯಿಂದ ವರ್ಗವಾಗಿ ಬಂದವರು. ನಮ್ಮ ಕ್ವಾರ್ಟರ್ಸಿನ ಅಡುಗೆಮನೆಯ ನೆಲ ಒಡೆದು ಇಲಿಗಳ ಕಾಟ ವಿಪರೀತವಾಗಿತ್ತು. ಅವ್ವ ಒಂದು ಬಿಲ ಮುಚ್ಚಿದರೆ ಅವು ಪಕ್ಕದಲ್ಲೇ ಇನ್ನೊಂದು ತೋಡುತ್ತಿದ್ದವು. ನೆಲ ರಿಪೇರಿಗೆ ಅಪ್ಪನ ಕಚೇರಿಯ ಸಾಹೇಬರಿಗೆ ಇಂಗ್ಲಿಷಿನಲ್ಲಿ ಅರ್ಜಿ ಕೊಡಬೇಕಾಯಿತು.

“ಮಗಳ ಇಂಗ್ಲಿಷ್ ಈಗ ಭಾಳ ಚಲೋ ಆಗೇತಿ, ಅಕೀನ ಬರೀಲಿ,” ಎಂದರು ಅಪ್ಪ.

ಬರೆದೆ: ‘ಬೀಯಿಂಗ್ ಫುಲ್ ಆಫ್ ರ‍್ಯಾಟ್ಸ್, ಐ ಹಂಬ್ಲಿ ರಿಕ್ವೆಸ್ಟ್ ಯು ಟು ರಿಪೇರ್ ಮೈ ಕಿಚನ್.’ ಅಪ್ಪ ಎರಡು ಸಲ ಓದಿ, “ಏನು ವಜನ್ ಐತಿ!” ಎಂದು ಮೆಚ್ಚಿ ಸಹಿ ಹಾಕಿದರು.

ಮರುದಿನ ಸಂಜೆ ಅವರು ಬೂಟು ಕೂಡ ಬಿಚ್ಚದೆ ಕುಳಿತುಬಿಟ್ಟರು. ಸಾಹೇಬರು ಅರ್ಜಿಯನ್ನು ಎಲ್ಲರೆದುರು ಗಟ್ಟಿಯಾಗಿ ಓದಿ, “ಎಷ್ಟು ದಿನದಿಂದ ಹೀಗಿದೆ ಬಾಬೂಜಿ? ಡಾಕ್ಟರಿಗೆ ತೋರಿಸಿದಿರಾ?” ಎಂದು ಹಿಂದಿಯಲ್ಲಿ ಕೇಳಿದರಂತೆ. ಕಚೇರಿಗೆ ಕಚೇರಿಯೇ ನಕ್ಕಿತಂತೆ. ಅಪ್ಪನೂ ಜೊತೆಗೆ ನಕ್ಕು ಬಂದಿದ್ದರು.

“ಯಾಕ ನಕ್ಕರೋ ತಿಳೀವಲ್ದು. ಸ್ಪೆಲಿಂಗ್ ಎಲ್ಲಾ ಬರೋಬರ್ ಐತಿ.”

ನಾನೂ ಕರಡು ಪ್ರತಿ ತಂದು ನೋಡಿದೆ. ತಪ್ಪು ಕಾಣಲಿಲ್ಲ.

ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಅವ್ವ ಓದಿದ್ದು ಕನ್ನಡ ಮೂರನೆಯ ಇಯತ್ತೆ. “ಅದನ್ನ ಕನ್ನಡದಾಗ ಹೇಳ್ರಿ, ನೋಡೂಣು,” ಎಂದಳು.

ಅಪ್ಪ ಗಂಟಲು ಸರಿಮಾಡಿಕೊಂಡರು. “ಇಲಿ ತುಂಬಿಕೊಂಡು, ನಾನು ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ…”

ಅವ್ವನ ಕೈ ನಿಂತಿತು. “ಇಲಿ ತುಂಬಿಕೊಂಡವರು ಯಾರು? ನೀವ?”

ಅಪ್ಪ ಕರಡನ್ನು ಮತ್ತೆ ಕಣ್ಣಿನ ಹತ್ತಿರ ಹಿಡಿದರು. ಅವ್ವ ಮುಂದುವರಿಸಿದಳು:

“ಜಳಕಾ ಮಾಡಿ ಒಲಿ ಹಚ್ಚಿದ್ನಿ ಅಂದ್ರ, ಜಳಕಾ ಮಾಡಿದಾಕಿನೂ ನಾನ, ಒಲಿ ಹಚ್ಚಿದಾಕಿನೂ ನಾನ. ಇಲ್ಲೆ ಇಲಿ ಇರೂದು ಅಡಗಿಮನ್ಯಾಗ, ಬೇಡಿಕೊಳ್ಳಾವರು ನೀವು. ಎರಡೂ ಹೆಂಗ ಕೂಡಸ್ತೀರಿ?”

ಮಾಸ್ತರರ ಮುದುಕ ಒಬ್ಬನೇ ಆಗಿದ್ದ ಎಂಬುದು ನನಗೆ ಆಗ ಹೊಳೆಯಿತು. ನಾಚಿಕೆಯಿಂದ ಅಳು ಬಂತು. ಅಪ್ಪನ ಕಿವಿ ಕೆಂಪಾದವು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಗತೊಡಗಿದರು. ನನ್ನನ್ನು ಬೈಯಲಿಲ್ಲ. ಬೈಯುವಂತೆಯೂ ಇರಲಿಲ್ಲ, ಸಹಿ ಅವರದೇ.

“ಏಳ್ರಿ, ಊಟಾ ಮಾಡೂಣು,” ಎಂದಳು ಅವ್ವ, “ಹೊಟ್ಟ್ಯಾಗ ಇಲಿ ಜಾಗಾ ಬಿಟ್ಟಿದ್ರ.”

ಎಲ್ಲರ ಅರ್ಜಿಗಳೂ ತಿಂಗಳುಗಟ್ಟಲೆ ಕಾಯುತ್ತಿದ್ದ ಆ ಕಚೇರಿಯಿಂದ ನಮ್ಮ ಮನೆಗೆ ನಾಲ್ಕೇ ದಿನದಲ್ಲಿ ನೆಲ ಸರಿಮಾಡಲು ಗೌಂಡಿ ಬಂದ. ಸಾಹೇಬರು ಮರೆಯಲಾರದ ಅರ್ಜಿ ಅದೊಂದೇ ಇದ್ದಿರಬೇಕು. ಅರ್ಜಿಯ ಕಥೆ ಕೇಳಿದ್ದ ಪಕ್ಕದ ಮನೆಯ ಮರಾಠಿ ಬಾಯಿಯವರು ಗೌಂಡಿಯನ್ನು ಕಂಡು, ತಮ್ಮ ಸೋರುವ ಬಚ್ಚಲುಮನೆಗೂ ಒಂದು ಅರ್ಜಿ ಬರೆದುಕೊಡೆಂದು ಕೇಳಿಕೊಂಡು ಬಂದರು.

“ತಪ್ಪು ಮಾತ್ರ ಅದೇ ಇರಲಿ,” ಎಂದರು.