ಮಾವ ಸಾರಿಸಿದ ಟೆನ್ನಿಸ್ ಅಂಗಳ

ಮಾನ್ಯ ವಾಚಕರ ಸನ್ನಿಧಿಗೆ ವಿನಯಪೂರ್ವಕ ಅರಿಕೆ. ನನ್ನ ಅಕ್ಷರ ಕೋಳಿ ಕೆದಕಿದಂತಿದೆ, ಕಾಗುಣಿತವೂ ಭದ್ರವಿಲ್ಲ. ಬಂದರಿನ ಮಂಡಿಯಲ್ಲಿ ಗುಮಾಸ್ತನಾಗಿ ವ್ಯಾಪಾರದ ಕಾಗದ ಬರೆದು ರೂಢಿಯೇ ಹೊರತು ಸ್ವಂತ ಸಂಗತಿ ಬರೆಯುವುದು ಇದೇ ಮೊದಲು. ಆದಕಾರಣ ಕ್ಷಮೆಯನ್ನು ಪ್ರಾರ್ಥಿಸುತ್ತೇನೆ.

ವಿಷಯವೇನೆಂದರೆ, ಮಹಾಯುದ್ಧಕ್ಕೆ ಮೊದಲಿನ ಒಂದು ಬೇಸಿಗೆಯಲ್ಲಿ ಮಂಗಳೂರಿನ ಮಣ್ಣಿನ ಅಂಕಣದಲ್ಲಿ ನಡೆದ ಜಿಲ್ಲಾ ಟೆನ್ನಿಸ್ ಪಂದ್ಯಾವಳಿಯ ಪುರುಷರ ಸಿಂಗಲ್ಸ್ ಫೈನಲ್. ಗೆದ್ದವರನ್ನು ಮದರಾಸಿನ ಪಂದ್ಯಾವಳಿಗೆ ಕಳುಹಿಸುವುದೆಂದು ನಮ್ಮ ಕ್ಲಬ್ಬಿನವರು ನಿಶ್ಚಯಿಸಿದ್ದರು. ಮದರಾಸಿನಲ್ಲಿ ಆಡಬೇಕೆಂಬುದು ನನ್ನ ಬಹುಕಾಲದ ಆಸೆ. ಫೈನಲಿನಲ್ಲಿ ನನ್ನ ಎದುರಾಳಿ ಒಬ್ಬರು ಕಾಲೇಜು ಉಪನ್ಯಾಸಕರು.

ಸದರಿ ದಿನ ಬೆಳಿಗ್ಗೆ ನನ್ನ ಸೋದರಮಾವ, ಅಂದರೆ ನಮ್ಮ ಕುಟುಂಬದ ಯಜಮಾನರು, ಸುರತ್ಕಲ್ಲಿನಿಂದ ಬಂದು ಅಂಕಣವನ್ನು ಕಂಡು ಮುಖ ಸಿಂಡರಿಸಿದರು.

"ಎಂತ ಮಾರಾಯ ಇದು? ಒಳ್ಳೆ ಕೆಲಸ ನಡೆಯುವ ಅಂಗಳ ಹೀಗೆ ಧೂಳು ಹಿಡಿದು ಇರ್ತದಾ?"

"ಮಾವ, ಇದು ಭತ್ತ ಬಡಿಯುವ ಅಂಗಳ ಅಲ್ಲ. ಇದು ಹೀಗೇ ಇರಬೇಕು."

"ನೀನು ಸುಮ್ಮನಿರು. ನೀನು ಹುಟ್ಟುವ ಮೊದಲೇ ನಾನು ಅಂಗಳ ಸಾರಿಸಿದವ."

ಮಾತು ಅಷ್ಟಕ್ಕೇ ಮುಗಿಯಿತೆಂದು ನಂಬಿ ಮಂಡಿಗೆ ಹೋದೆ. ಮಧ್ಯಾಹ್ನ ಬಂದು ನೋಡುತ್ತೇನೆ, ಇಡೀ ಅಂಕಣಕ್ಕೆ ಮಸಿ ಬೆರೆಸಿದ ಸಗಣಿಯನ್ನು ದೋಸೆಯಷ್ಟು ದಪ್ಪ ಬಳಿದಿದ್ದಾರೆ! ಗೆರೆ ಒಂದಾದರೂ ಕಾಣದು. ತಡೆಯಬೇಕಾದ ಕಾವಲುಗಾರನೇ ಬಾವಿಯಿಂದ ನೀರು ಸೇದಿ ಕೊಟ್ಟನಂತೆ. ಇಂಥವರಿಗೆ ಏನೆಂದು ಹೇಳುವುದು?

ಅತಿಥಿಗಳು ಆಗಲೇ ಬಂದು ಕೂತಿದ್ದರಿಂದ ಪಂದ್ಯ ಮುಂದೂಡುವಂತಿರಲಿಲ್ಲ. ಗಡಿಬಿಡಿಯಲ್ಲಿ ಹೊಸದಾಗಿ ಸುಣ್ಣದ ಗೆರೆ ಎಳೆಯಲಾಯಿತು. ಹಸಿ ಸಗಣಿಯ ಮೇಲೆ ಸುಣ್ಣ ನಿಲ್ಲುವುದುಂಟೇ? ಅದು ನಮ್ಮ ಬೂಟುಗಳಿಗೆ ಅಂಟಿ ಅಂಕಣದ ತುಂಬ ಹರಡಿತು. ಚೆಂಡು ಪುಟಿಯುವ ಬದಲು ತೊಪ್ಪನೆ ಬಿದ್ದು ಅಲ್ಲೇ ಕೂರುತ್ತಿತ್ತು.

ಹೇಗೋ ಕೊನೆಯ ಸೆಟ್ಟಿನವರೆಗೆ ಬಂದೆವು. ಇನ್ನೊಂದು ಪಾಯಿಂಟು ಸಿಕ್ಕಿದರೆ ಉಪನ್ಯಾಸಕರಿಗೆ ಜಯ. ಅವರು ಹೊಡೆದ ಚೆಂಡು ನನ್ನ ಹಿಂದೆ, ಗೆರೆ ಇರಬೇಕಾದ ಜಾಗದಿಂದ ಒಂದು ಗೇಣು ಹೊರಗೆ ಬಿದ್ದಿತು, ನಾನು ಮುಟ್ಟಲಿಲ್ಲ. ಅಂಪೈರಾಗಿದ್ದ ವಕೀಲರು ಇಳಿದು ಬಂದು ಬಗ್ಗಿ ನೋಡಿದರು. ಚೆಂಡಿನ ಗುರುತು ಇತ್ತು, ಗೆರೆ ಇರಲಿಲ್ಲ.

ಅಷ್ಟರಲ್ಲಿ ಮಾವ ಎದ್ದು ನಿಂತರು. "ಒಳಗೆ! ಒಳಗೇ ಬಿದ್ದದ್ದು! ನಾನು ಕಣ್ಣಾರೆ ಕಂಡಿದ್ದೇನೆ!"

ಚೆಂಡು ಒಳಗೆ ಬಿದ್ದರೆ ನನಗೇ ಲಾಭವೆಂದು ಅವರ ತಿಳಿವಳಿಕೆ; ಹೊಡೆದವರು ಯಾರೆಂಬ ವಿಚಾರ ಅವರಿಗೆ ಬೇಕಿರಲಿಲ್ಲ.

ವಕೀಲರ ಮುಖ ಅರಳಿತು. "ಸ್ವಂತ ಮಾವನೇ ಅಳಿಯನ ವಿರುದ್ಧ ಹೇಳ್ತಾರೆ. ಇದಕ್ಕಿಂತ ದೊಡ್ಡ ಸಾಕ್ಷಿ ಎಂತ ಬೇಕು?"

ನಾನು ಬಾಯಿ ತೆರೆದೆ. ಆದರೆ ನಾಲ್ಕು ಜನರೆದುರು ಯಜಮಾನರಾದ ಮಾವನನ್ನು ಸುಳ್ಳುಗಾರರೆನ್ನುವ ಪದ್ಧತಿ ನಮ್ಮ ಕುಟುಂಬದಲ್ಲಿಲ್ಲ. ಬಾಯಿ ಮುಚ್ಚಿ ಉಪನ್ಯಾಸಕರ ಕೈ ಕುಲುಕಿದೆ.

ಹೊರಗೆ ಬಂದಾಗ ಮಾವ ನನ್ನ ಬೆನ್ನು ತಟ್ಟಿದರು. "ನಾನು ಹೇಳದಿದ್ದರೆ ಆ ವಕೀಲರು ನಿನ್ನನ್ನು ಗೆಲ್ಲಲು ಬಿಡ್ತಿದ್ದರಾ? ಬಾ, ಎಳನೀರು ಕುಡಿಯುವ."

ಕುಡಿದೆ. ಬೇರೇನು ಮಾಡಲಿ? ಮರುವಾರ ಉಪನ್ಯಾಸಕರು ಮದರಾಸಿಗೆ ಹೊರಟರು. ಮಾವ ಬದುಕಿದ್ದಷ್ಟು ಕಾಲ ಅವರಿಗೆ ನಿಜ ತಿಳಿಸಲು ನನ್ನಿಂದಾಗಲಿಲ್ಲ.

ಮೇಲಿನ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ವಾಚಕ ಮಹಾಶಯರು ದಯವಿಟ್ಟು ತಾವೇ ತಿದ್ದಿಕೊಂಡು ಓದಬೇಕಾಗಿ ಬೇಡುತ್ತೇನೆ.