ಖಾಲಿ ಹಾಳೆಗೊಂದು ಚೌಕಟ್ಟು

ಚನ್ನಪಟ್ಟಣದ ನಮ್ಮ ಆಟಿಕೆ ಕಾರ್ಖಾನೆಯಲ್ಲಿ ಲೇತಿನ ಪಕ್ಕದ ಮೊಳೆಗೆ ನೇತುಬಿದ್ದ ನಕ್ಷೆಗಳ ಮೇಲೆ ಅರಗಿನ ಕಲೆ, ಟೀ ಲೋಟದ ಗುರುತು, ಹೆಬ್ಬೆರಳಿನ ಮುದ್ರೆ ಎಲ್ಲವೂ ಇರುತ್ತವೆ. ಅಂದವಾದ ಚೌಕಟ್ಟೊಂದಿಲ್ಲ ಎಂಬ ಕೊರಗು ಮಾತ್ರ ನಕ್ಷೆ ಬರೆಯುವ ನನಗೆ ಬಹಳ ದಿನದಿಂದ ಇತ್ತು. ಒಂದು ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂತು ಹಾಳೆಯ ಟೆಂಪ್ಲೇಟನ್ನು ನಾನೇ ಕಟ್ಟಿದೆ: ಕಾಗದದ ಅಂಚಿಗೇ ತಾಗುವ ಜೋಡಿಗೆರೆ, ಬಲಮೂಲೆಯಲ್ಲಿ ಹೆಸರು, ತಾರೀಖುಗಳ ಪುಟ್ಟ ಮನೆಗಳು. ಒಮ್ಮೆ ಮಾಡಿಟ್ಟರೆ ಮತ್ತೆ ಯೋಚಿಸಬೇಕಿಲ್ಲ ಎನ್ನುವ ಸುಖವಿದೆಯಲ್ಲ, ಗೆಳೆಯರೇ, ಅದನ್ನು ಒಸಿ ಅನುಮಾನದಿಂದಲೇ ನೋಡಿ.

ಅದರಲ್ಲಿ ಮೊದಲು ಬರೆದದ್ದು ಮಕ್ಕಳಾಡುವ ಮರದ ಗುಂಡು; ನಲವತ್ತೈದಕ್ಕಿಂತ ಕಿರಿದಾದರೆ ಬಾಯಿಯೊಳಗೆ ಹೋಗಿ ಗಂಟಲಿಗೆ ಸಿಕ್ಕೀತೆಂದು ನಲವತ್ತಾರು ಮಿಲಿಮೀಟರ್. ಕಡೆಯುವ ಮುನೀರ್ ಚಾಚಾ ಅಂಕಿಯನ್ನು ನಂಬುವವರಲ್ಲ. ಕಡೆದದ್ದನ್ನು ನಿಜ ಅಳತೆಯಲ್ಲೇ ಬರೆದ ನಕ್ಷೆಯ ವೃತ್ತದ ಮೇಲಿಟ್ಟಾಗ ಸರಿಯಾಗಿ ಕೂತರೆ ಮುಗಿಯಿತು. ಮಧ್ಯಾಹ್ನ ಸುಮ್ಮನೆ ಒಂದು ಗುಂಡನ್ನು ಅಳೆದೆ: ನಲವತ್ತಮೂರು! ತುದಿಯವರೆಗೆ ಅಚ್ಚು ಹಾಕಲಾರದ ಪ್ರಿಂಟರು ನನ್ನ ಚೌಕಟ್ಟನ್ನು ಹಿಡಿಸಲು ಇಡೀ ನಕ್ಷೆಯನ್ನೇ ಕುಗ್ಗಿಸಿತ್ತು. ಅಂಕಿ ಹಾಗೇ ಇತ್ತು, ವೃತ್ತ ಕಿರಿದಾಗಿತ್ತು.

"ಚಾಚಾ, ಎಷ್ಟು ಕಡೆದಿದ್ದೀರಿ?"

"ಹದಿನಾಲ್ಕು ಬೇಟಿ. ಹದಿಮೂರು ಇಲ್ಲೇ ಐತೆ. ಮೊದಲ್ನೇದು ಊಟಕ್ಕೋದಾಗ ಮೊಮ್ಮಗಳಿಗೆ ಕೊಟ್ಬುಟ್ಟೆ. ಹೊಸಾ ಸಾಮಾನು ಮೊದ್ಲು ಮನೆ ಮಗೀಗೇ ಅಲ್ವಾ?"

ಮಗುವಿಗೆ ಹತ್ತು ತಿಂಗಳು. ವಿಷಯ ಹೇಳಿ ಮುಗಿಸುವ ಮೊದಲೇ ಚಾಚಾ ಉಳಿ ಬಿಸಾಕಿ ಎದ್ದರು. ಮನೆಯಲ್ಲಿ ಯಾರೂ ಫೋನು ಎತ್ತಲಿಲ್ಲ. ನನ್ನ ಸ್ಕೂಟರಿನ ಹಿಂದೆ ಕೂತ ಅವರು ದಾರಿಯುದ್ದಕ್ಕೂ ಮನೆಗೆ ಮತ್ತೆ ಮತ್ತೆ ಫೋನು ಮಾಡುತ್ತಲೇ ಇದ್ದರು. ನನಗೆ ಟೆಂಪ್ಲೇಟಿನ ಒಂದು ಮನೆಯೇ ಕಣ್ಣಿಗೆ ಕಟ್ಟುತ್ತಿತ್ತು. 'ಪರಿಶೀಲಿಸಿದವರು' ಎಂಬಲ್ಲಿ ಪ್ರತಿಸಲ ಯಾರು ಬರೆಯುತ್ತಾರೆಂದು ನನ್ನ ಹೆಸರನ್ನು ಮೊದಲೇ ತುಂಬಿಬಿಟ್ಟಿದ್ದೆ. ಇನ್ನೂ ಬರೆಯದ ನಕ್ಷೆಗಳನ್ನೂ ನಾನು ನೋಡಿ ಒಪ್ಪಿಯಾಗಿತ್ತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

ಮಗು ಹೊಸ್ತಿಲ ಬಳಿ ಕೂತು, ಜೊಲ್ಲು ಸುರಿಸುತ್ತಾ, ಗುಂಡನ್ನು ಎರಡೂ ಕೈಯಿಂದ ಬಾಯಿಗೆ ಒತ್ತಿಕೊಳ್ಳುತ್ತಿತ್ತು. ಚಾಚಾ ಕಿತ್ತುಕೊಂಡರು. ಅದು ಬೀದಿಯೆಲ್ಲ ಕೇಳುವಂತೆ ಅತ್ತಿತು. ಗುಂಡನ್ನು ನಾನು ನನ್ನ ಚೀಲಕ್ಕೆ ಹಾಕಿಕೊಂಡೆ.

ಈಗ ಚೌಕಟ್ಟು ಒಳಗೆ ಸರಿದಿದೆ. ಅಚ್ಚು ಕುಗ್ಗಿದರೆ ತಿಳಿಯಲೆಂದು ಅದರ ಕೆಳಗೆ ನೂರು ಮಿಲಿಮೀಟರ್ ಉದ್ದದ ಒಂದು ದಪ್ಪ ಗೆರೆಯಿದೆ. ಪರಿಶೀಲಿಸಿದವರ ಮನೆ ಖಾಲಿ. ಹಾಳೆ ಕೈಗೆ ಬಂದರೆ ಚಾಚಾ ಮೊದಲು ಆ ಗೆರೆಯ ಮೇಲೆ ಸ್ಕೇಲಿಡುತ್ತಾರೆ, ಆಮೇಲೆ ಖಾಲಿ ಮನೆಯಲ್ಲಿ ಉರ್ದುವಿನಲ್ಲಿ ನಿಧಾನವಾಗಿ ಒಂದು ಹೆಸರು ಬರೆಯುತ್ತಾರೆ. ನಿಮ್ಮ ಹೆಸರಾ ಎಂದು ಒಮ್ಮೆ ಕೇಳಿದೆ.

"ಅಲ್ಲ ಬೇಟಿ, ಮಗೀದು. ಅವಳ ಹೆಸ್ರು ಬರ್ಯಾವಾಗ ಸುಳ್ಳು ಬರ್ಯಕ್ಕಾಗಕಿಲ್ಲ."